ತುಂಬದ ಗುಂಡಿಯನ್ನು ನಂಬಬೇಡಿ: ಸೆಪ್ಟಿಕ್ ಟ್ಯಾಂಕಿನ ಮೊದಲ ಪಾಠ

‘ನಮ್ಮ ಮನೆಯ ಗುಂಡಿ ತೋಡಿಸಿ ಇಪ್ಪತ್ತು ವರ್ಷವಾಯಿತು, ಒಂದು ಸಲವೂ ತುಂಬಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರ ಮಾತನ್ನು ನೀವೂ ಕೇಳಿರಬಹುದು. ಅದು ಹೆಮ್ಮೆಪಡುವ ವಿಷಯವೇ, ಚಿಂತಿಸುವ ವಿಷಯವೇ? ಸೆಪ್ಟಿಕ್ ಟ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬುಡದಿಂದ ತಿಳಿದುಕೊಂಡರೆ ಇದಕ್ಕೆ ನೀವೇ ಉತ್ತರ ಹೇಳಬಲ್ಲಿರಿ. ನಿಮಗೆ ಎಂಜಿನಿಯರಿಂಗ್ ಗೊತ್ತಿರಬೇಕಿಲ್ಲ. ನಿಮ್ಮ ಮನೆಯಿಂದ ಹೊರಗೆ ಹೋದ ನೀರು ಎಲ್ಲಿ ಸೇರುತ್ತದೆ ಎಂಬ ಕುತೂಹಲವಿದ್ದರೆ ಸಾಕು.

ನಗರದ ಹಳೆಯ ಬಡಾವಣೆಗಳಲ್ಲಿ ಶೌಚದ ನೀರು ಒಳಚರಂಡಿಗೆ ಹೋಗುತ್ತದೆ. ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ, ಊರಂಚಿನ ಅನೇಕ ಹೊಸ ಬಡಾವಣೆಗಳಲ್ಲಿ ಆ ಸೌಲಭ್ಯ ಇರುವುದಿಲ್ಲ. ಅಲ್ಲಿ ಪ್ರತಿ ಮನೆಯೂ ತನ್ನ ಕೊಳೆನೀರನ್ನು ತನ್ನ ಜಾಗದಲ್ಲೇ ನಿಭಾಯಿಸಿಕೊಳ್ಳಬೇಕು. ಅದಕ್ಕಾಗಿ ಇರುವ ವ್ಯವಸ್ಥೆಗೆ ಎರಡು ಅಂಗಗಳು. ಒಂದು ಸೆಪ್ಟಿಕ್ ಟ್ಯಾಂಕ್, ಇನ್ನೊಂದು ಇಂಗುಗುಂಡಿ. ಈ ಎರಡರ ಕೆಲಸ ಬೇರೆಬೇರೆ. ನೀವು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ.

ಟ್ಯಾಂಕಿನ ಕೆಲಸ, ಮಣ್ಣಿನ ಕೆಲಸ

ಸೆಪ್ಟಿಕ್ ಟ್ಯಾಂಕ್ ಎಂದರೆ ನೆಲದೊಳಗೆ ಕಟ್ಟಿದ, ಒಂದು ಹನಿಯೂ ಸೋರದ ತೊಟ್ಟಿ. ಮಳೆಗಾಲದ ಹೊಳೆಯಿಂದ ತಂದ ಬಗ್ಗಡದ ನೀರನ್ನು ಕೊಡದಲ್ಲಿ ಅಲುಗಾಡಿಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಮಣ್ಣು ತಳ ಸೇರಿ ಮೇಲಿನ ನೀರು ತಿಳಿಯಾಗುತ್ತದಲ್ಲವೇ? ಟ್ಯಾಂಕಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ನೀರು ಒಂದರಿಂದ ಎರಡು ದಿನ ಅಲ್ಲಿ ನಿಲ್ಲುತ್ತದೆ. ಭಾರವಾದ ಮಲಿನ ವಸ್ತು ತಳಕ್ಕಿಳಿದು ಕೆಸರಾಗುತ್ತದೆ. ಹಗುರವಾದ ಜಿಡ್ಡು ಮೇಲೆ ತೇಲಿ ಪದರ ಕಟ್ಟುತ್ತದೆ. ನಡುವಿನ ನೀರು ಮಾತ್ರ ಮುಂದಕ್ಕೆ ಹರಿಯುತ್ತದೆ.

ತಳದ ಕೆಸರನ್ನು ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಜೀವಿಗಳು ನಿಧಾನವಾಗಿ ಕರಗಿಸುತ್ತವೆ. ಆದರೆ ಅವು ಎಲ್ಲವನ್ನೂ ಕರಗಿಸಲಾರವು. ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಸರಿಯಾಗಿ ಕಟ್ಟಿದ ಟ್ಯಾಂಕಿನಲ್ಲಿ ಕೆಸರು ತುಂಬಲೇಬೇಕು.

ಟ್ಯಾಂಕಿನಿಂದ ಹೊರಬರುವ ನೀರು ನೋಡಲು ತಿಳಿಯಾಗಿದ್ದರೂ ಶುದ್ಧವಲ್ಲ. ರೋಗ ತರುವ ಜೀವಿಗಳು ಅದರಲ್ಲಿ ಧಾರಾಳವಾಗಿ ಇರುತ್ತವೆ. ಆದ್ದರಿಂದ ಅದನ್ನು ರಸ್ತೆಬದಿಯ ಚರಂಡಿಗೆ ಬಿಡಬಾರದು. ಅದು ಇಂಗುಗುಂಡಿಗೆ ಹೋಗಬೇಕು. ಇಂಗುಗುಂಡಿಯ ಗೋಡೆಯ ಕಲ್ಲು ಅಥವಾ ಇಟ್ಟಿಗೆಯ ನಡುವೆ ಸಂದುಗಳನ್ನು ಬಿಟ್ಟಿರುತ್ತಾರೆ. ನೀರು ಆ ಸಂದುಗಳಿಂದ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಕಣಗಳು, ಅದರಲ್ಲಿರುವ ಗಾಳಿ ಮತ್ತು ಜೀವಿಗಳು ಸೇರಿ ಉಳಿದ ಶುದ್ಧೀಕರಣವನ್ನು ಮಾಡುತ್ತವೆ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಇಪ್ಪತ್ತು ವರ್ಷ ತುಂಬದ ಗುಂಡಿಯಲ್ಲಿದ್ದುದು ಎಲ್ಲಿಗೆ ಹೋಯಿತು? ಸಾಮಾನ್ಯವಾಗಿ ಅಂಥ ಗುಂಡಿಗೆ ಗಾರೆಯ ತಳವೇ ಇರುವುದಿಲ್ಲ. ನಾಲ್ಕಾರು ಸಿಮೆಂಟು ರಿಂಗುಗಳನ್ನು ಇಳಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಅದನ್ನೇ ಸೆಪ್ಟಿಕ್ ಟ್ಯಾಂಕ್ ಎಂದು ಕರೆದಿರುತ್ತಾರೆ. ಕೊಳೆಯೆಲ್ಲ ನೇರವಾಗಿ ನೆಲಕ್ಕೆ ಸೋರುತ್ತಿರುತ್ತದೆ. ಹತ್ತಿರದಲ್ಲಿ ಬಾವಿಯಿದ್ದರೆ ಆ ಕೊಳೆಯ ಒಂದು ಪಾಲು ಅಲ್ಲಿಗೂ ಸೇರಬಹುದು.

ಜಾಗ ಆರಿಸುವುದು

ಟ್ಯಾಂಕ್ ಎಷ್ಟೇ ಚೆನ್ನಾಗಿರಲಿ, ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಎಂಬ ಸಂಹಿತೆ ಈ ವಿಷಯಕ್ಕೆಂದೇ ಇದೆ. ಅದರ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ವಾಸದ ಕಟ್ಟಡದಿಂದ 6 ಮೀಟರ್ ದೂರವಿರಬೇಕು. ಅಳೆಯುವಾಗ ನಿಮ್ಮ ಬಾವಿಯನ್ನಷ್ಟೇ ನೋಡಬೇಡಿ, ಬೇಲಿಯಾಚೆಗಿನ ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜಾಗ ಬಾವಿಗಿಂತ ತಗ್ಗಿನ ಕಡೆಗಿರಲಿ.

ದೂರದಷ್ಟೇ ಮುಖ್ಯವಾದದ್ದು ಮಣ್ಣಿನ ಸ್ವಭಾವ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಂಧ್ರಗಳು ಬಹಳ. ನೀರು ಸೋಸಿಕೊಳ್ಳುವ ಮೊದಲೇ ದೂರ ಸಾಗಿಬಿಡಬಹುದು, ಬಾವಿಗಳೂ ಮನೆಗೊಂದರಂತೆ ಇರುತ್ತವೆ. ಅಲ್ಲಿ 18 ಮೀಟರನ್ನು ಕನಿಷ್ಠವೆಂದೇ ಎಣಿಸಿ, ಸಾಧ್ಯವಾದಷ್ಟು ಹೆಚ್ಚು ದೂರ ಇಡಿ. ಉತ್ತರ ಕರ್ನಾಟಕದ ಎರೆಮಣ್ಣು ಇದಕ್ಕೆ ವಿರುದ್ಧ. ಒದ್ದೆಯಾದಾಗ ಉಬ್ಬಿ ನೀರನ್ನು ಇಳಿಯಗೊಡುವುದಿಲ್ಲ, ಬೇಸಿಗೆಯಲ್ಲಿ ಬಿರಿದು ಗೋಡೆಗಳನ್ನು ಎಳೆಯುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಅಂತರ್ಜಲ ತೀರ ಮೇಲಕ್ಕೆ ಬರಬಹುದು. ಇಂಗುಗುಂಡಿಯ ತಳ ಆ ನೀರಿನಲ್ಲಿ ಮುಳುಗಿದರೆ ಸೋಸಲು ಒಣಮಣ್ಣೇ ಉಳಿಯುವುದಿಲ್ಲ. ಆದ್ದರಿಂದ ಬೇಸಿಗೆಯ ನೆಲವನ್ನು ನೋಡಿ ಆಳ ನಿರ್ಧರಿಸಬೇಡಿ.

ನಿಮ್ಮ ಮಣ್ಣಿನ ಗುಣವನ್ನು ನೀವೇ ಪರೀಕ್ಷಿಸಬಹುದು. ನೀರು ಇಂಗಬೇಕಾದ ಆಳದವರೆಗೆ ಸುಮಾರು 30 ಸೆಂಟಿಮೀಟರ್ ಅಗಲದ ಕುಳಿ ತೋಡಿ. ತಳದಲ್ಲಿ 5 ಸೆಂಟಿಮೀಟರ್ ಜಲ್ಲಿ ಹರಡಿ, ನೀರು ತುಂಬಿಸಿ, ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಮತ್ತೆ ನೀರು ಹಾಕಿ, ಮಟ್ಟ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿ ಸಾಕು. ಅರ್ಧದಿಂದ ಒಂದು ಗಂಟೆ ಹಿಡಿದರೆ ಗುಂಡಿಯ ಬದಲು ಜಲ್ಲಿ ತುಂಬಿದ ಉದ್ದನೆಯ ಕಾಲುವೆಗಳು ಬೇಕಾಗುತ್ತವೆ. ಒಂದು ಗಂಟೆಯನ್ನೂ ಮೀರಿದರೆ ಆ ಮಣ್ಣು ಈ ಕೆಲಸಕ್ಕೆ ಒಗ್ಗದು. ಆಗ ಬೇರೆ ಸಂಸ್ಕರಣಾ ವಿಧಾನಕ್ಕಾಗಿ ತಜ್ಞರನ್ನು ಕೇಳಿ.

ಕಟ್ಟಿಸುವಾಗ ನೋಡಬೇಕಾದದ್ದು

ಐದು ಜನರ ಮನೆಗೆ ಒಳಗಿನ ಅಳತೆಯಲ್ಲಿ 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಮತ್ತು ಸುಮಾರು 1 ಮೀಟರ್ ನೀರಿನ ಆಳ ಬೇಕು. ನೀರಿನ ಮಟ್ಟದ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ ಬಿಡಬೇಕು. ಈ ಲೆಕ್ಕ ಶೌಚದ ನೀರಿಗೆ ಮಾತ್ರ. ಸ್ನಾನದ, ಬಟ್ಟೆ ಒಗೆದ ನೀರನ್ನೂ ಸೇರಿಸುವುದಾದರೆ ಟ್ಯಾಂಕ್ ಇನ್ನೂ ದೊಡ್ಡದಾಗಬೇಕು. ಜಾಗವಿದ್ದರೆ ಆ ನೀರನ್ನು ಪ್ರತ್ಯೇಕವಾಗಿ ತೋಟಕ್ಕೆ ಹರಿಸುವುದು ಮೇಲು. ಮಾಳಿಗೆಯ ಮಳೆನೀರನ್ನಂತೂ ಟ್ಯಾಂಕಿಗೆ ಎಂದಿಗೂ ಬಿಡಬೇಡಿ. ರಭಸದ ನೀರು ತಳದ ಕೆಸರನ್ನೆಲ್ಲ ಕದಡಿ ಹೊರಗೆ ತಳ್ಳಿಬಿಡುತ್ತದೆ.

ಮೇಸ್ತ್ರಿಗಳು ‘ವಾಟ’ ಎನ್ನುವ ಇಳಿಜಾರು ಕೊಳವೆಗೆ ಸರಿಯಾಗಿರಬೇಕು. ನಾಲ್ಕು ಇಂಚಿನ ಕೊಳವೆಗೆ 40 ಅಡಿಗೆ 1 ಅಡಿ ಇಳಿಜಾರು ಸಾಕು. ನೀರು ಒಳಬರುವ ಮತ್ತು ಹೊರಹೋಗುವ ಎರಡೂ ಕಡೆ ‘ಟಿ’ ಆಕಾರದ ಕೊಳವೆ ಹಾಕಿಸಿ, ಅದರ ಕಾಲು ನೀರಿನೊಳಗೆ ಮುಳುಗಿರಲಿ. ಹೊರಗಿನ ಕೊಳವೆಯ ಕಾಲು ಜಿಡ್ಡಿನ ಪದರದ ಕೆಳಗಿನಿಂದ, ಕೆಸರಿನ ಮೇಲಿನಿಂದ ನಡುವಿನ ನೀರನ್ನು ಮಾತ್ರ ಆರಿಸಿಕೊಳ್ಳುತ್ತದೆ. ಇದನ್ನು ಹಾಕದೆ ಬಿಟ್ಟರೆ ಜಿಡ್ಡು ಇಂಗುಗುಂಡಿಯ ಮಣ್ಣಿಗೆ ಮೆತ್ತಿಕೊಂಡು ಅದರ ಸಂದುಗಳನ್ನು ಮುಚ್ಚಿಬಿಡುತ್ತದೆ. ಅನಿಲ ಹೊರಹೋಗಲು ಗಾಳಿಕೊಳವೆಯನ್ನು ಮಾಳಿಗೆಗಿಂತ 2 ಮೀಟರ್ ಎತ್ತರಕ್ಕೆ ಒಯ್ದು, ತುದಿಗೆ ಸೊಳ್ಳೆಬಲೆ ಕಟ್ಟಿಸಿ.

ಗಿಲಾವು ಒಣಗಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ, ಮಟ್ಟ ಗುರುತಿಸಿ, ಒಂದು ದಿನ ಕಾಯಿರಿ. ಮಟ್ಟ ಇಳಿದರೆ ಸೋರುವ ಜಾಗವನ್ನು ಸರಿಪಡಿಸಿಯೇ ಮುಂದುವರಿಯಿರಿ. ಮುಚ್ಚಳ ಕೈಗೆಟಕುವಂತಿರಲಿ. ಅದರ ಮೇಲೆ ಟೈಲ್ಸ್ ಹಾಸಿ ಮರೆಮಾಡಬೇಡಿ. ಕೆಸರು ಹೀರುವ ಸಕ್ಕಿಂಗ್ ಗಾಡಿಯ ಪೈಪು ಅಲ್ಲಿಯವರೆಗೆ ಬರಬಲ್ಲದೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ನಿರ್ವಹಣೆ, ಮತ್ತು ಒಂದು ಕಟ್ಟುನಿಟ್ಟಿನ ಮಾತು

ದಿನನಿತ್ಯದ ನಿಯಮ ಸರಳ. ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡ್, ಬಟ್ಟೆ, ಅಡುಗೆ ಎಣ್ಣೆ ಇವು ಟ್ಯಾಂಕಿಗೆ ಹೋಗಬಾರದು. ಆಸಿಡ್, ಫಿನಾಯಿಲನ್ನು ಹೆಚ್ಚಾಗಿ ಸುರಿದರೆ ಕೆಸರನ್ನು ಕರಗಿಸುವ ಜೀವಿಗಳೇ ಸಾಯುತ್ತವೆ. ಅಂಗಡಿಯಲ್ಲಿ ಸಿಗುವ ಪುಡಿಗಳನ್ನೂ ಹಾಕಬೇಕಿಲ್ಲ, ಬೇಕಾದ ಜೀವಿಗಳು ಮಲದಲ್ಲೇ ಇರುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರನ್ನು ತೆಗೆಸಿ. ನೀರು ಉಕ್ಕುವವರೆಗೆ ಕಾದರೆ ಅಷ್ಟರಲ್ಲಿ ಇಂಗುಗುಂಡಿಯೂ ಹಾಳಾಗಿರುತ್ತದೆ.

ಇನ್ನು ಮುಂದಿನ ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಸ್ವಚ್ಛಗೊಳಿಸಲು ಮನುಷ್ಯರನ್ನು ಟ್ಯಾಂಕಿನೊಳಗೆ ಇಳಿಸಲೇಬೇಡಿ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಾಗ ಮೂಗಿನ ವಾಸನಾಶಕ್ತಿಯನ್ನೇ ಅಡಗಿಸುತ್ತದೆ. ಇಳಿದವರಿಗೆ ಅಪಾಯದ ಸುಳಿವೂ ಸಿಗುವುದಿಲ್ಲ, ಕಾಪಾಡಲು ಹಿಂದೆಯೇ ಇಳಿದವರೂ ಸಾಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೆಲಸಕ್ಕೆ ಕರೆದ ಮನೆಯವರೂ ಇದಕ್ಕೆ ಹೊರತಲ್ಲ. ಯಂತ್ರದ ಗಾಡಿಯನ್ನೇ ಕರೆಸಿ, ಮುಚ್ಚಳ ತೆರೆದಾಗ ಹತ್ತಿರ ಬೆಂಕಿ ಹಚ್ಚಬೇಡಿ, ಮಕ್ಕಳನ್ನು ದೂರವಿಡಿ.

ಗಾಡಿ ಬಂದಾಗ ಒಂದು ಪ್ರಶ್ನೆ ಕೇಳಿ: ‘ಇದನ್ನು ಎಲ್ಲಿ ಸುರಿಯುತ್ತೀರಿ?’ ಕೆರೆಗೋ ಹಳ್ಳಕ್ಕೋ ಸುರಿದರೆ ನಿಮ್ಮ ಶ್ರಮವೆಲ್ಲ ವ್ಯರ್ಥ. ಬೆಂಗಳೂರಿನ ಸಮೀಪದ ದೇವನಹಳ್ಳಿಯಲ್ಲಿ 2015ರಲ್ಲೇ ಮಲಕೆಸರು ಸಂಸ್ಕರಣಾ ಘಟಕ ಆರಂಭವಾಯಿತು. ಅಲ್ಲಿ ಕೆಸರನ್ನು ಒಣಗಿಸಿ, ಹಸಿಕಸದೊಡನೆ ಕೊಳೆಯಿಸಿ ಗೊಬ್ಬರ ಮಾಡಿದ್ದಾರೆ. ನಿಮ್ಮ ಊರಿಗೆ ಅಂಥ ಘಟಕ ಯಾವುದು ಹತ್ತಿರವೆಂದು ಪಂಚಾಯಿತಿಯಲ್ಲಿ ಅಥವಾ ಪುರಸಭೆಯಲ್ಲಿ ವಿಚಾರಿಸಿ.

ಕೊನೆಯದಾಗಿ, ಈ ವಾರವೇ ಮಾಡಬಹುದಾದ ಕೆಲಸವೊಂದನ್ನು ಹೇಳುತ್ತೇನೆ. ಒಂದು ಹಾಳೆಯಲ್ಲಿ ನಿಮ್ಮ ಮನೆ, ಟ್ಯಾಂಕ್, ಇಂಗುಗುಂಡಿ ಮತ್ತು ಸುತ್ತಲಿನ ಬಾವಿಗಳನ್ನು ಗುರುತಿಸಿ, ಟೇಪು ಹಿಡಿದು ದೂರಗಳನ್ನು ಬರೆಯಿರಿ. ಕೊನೆಯ ಬಾರಿ ಕೆಸರು ತೆಗೆಸಿದ ದಿನಾಂಕವನ್ನೂ ಮುಂದಿನದನ್ನೂ ಅದರ ಕೆಳಗೆ ನಮೂದಿಸಿ. ಹಳೆಯ ಗುಂಡಿಗೆ ತಳವಿದೆಯೇ ಎಂದು ಗೊತ್ತಿಲ್ಲದಿದ್ದರೆ ಅದನ್ನು ಕಟ್ಟಿದ ಮೇಸ್ತ್ರಿಯನ್ನು ಕೇಳಿ, ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆ ಹಾಳೆಯನ್ನು ಮನೆಪತ್ರಗಳ ಜೊತೆ ಇಡಿ. ಮುಂದೆ ಆ ಮನೆಯಲ್ಲಿ ವಾಸಿಸುವವರಿಗೂ ಅದು ಬೇಕಾಗುತ್ತದೆ.