ರಾತ್ರಿಯ ಕಾವಲುಗಣ್ಣು

ಹಿಂದೆ ಊರ ಕಾವಲು ತಳವಾರನದಾಗಿತ್ತು. ಕತ್ತಲೆಯಲ್ಲಿ ಯಾರಾದರೂ ಸುಳಿದರೆ ಅವನು ದೂರ ನಿಂತು ಊಹೆ ಮಾಡುತ್ತಿರಲಿಲ್ಲ. “ಯಾರದು?” ಎಂದು ಕೇಳಿ, ಹತ್ತಿರ ಹೋಗಿ, ಕಂದೀಲನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, ಗುರುತು ಹತ್ತಿದ ಮೇಲೆಯೇ ಮುಂದಿನ ಮಾತು. ಇಂದು ಆ ಕೆಲಸವನ್ನು ನಾವು ಕ್ಯಾಮೆರಾಕ್ಕೆ ವಹಿಸಿದ್ದೇವೆ. ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅಂಗಡಿಗಳಿಗಷ್ಟೇ ಅಲ್ಲ, ಸಾಧಾರಣ ಮನೆಗಳ ಬಾಗಿಲಿಗೂ ಸಿ.ಸಿ. ಕ್ಯಾಮೆರಾ ಬಂದಿದೆ. ಆದರೆ ಈ ಹೊಸ ಕಾವಲುಗಾರ ದೂರದಲ್ಲಿ ಇರುತ್ತಾನೆ, ಎತ್ತರದಲ್ಲಿ ಇರುತ್ತಾನೆ, ಬಹಳ ಸಲ ಬೆಳಕಿಲ್ಲದೆಯೂ ಇರುತ್ತಾನೆ. ತಳವಾರನ ಮೂರು ಗುಣಗಳಾದ ಸಮೀಪ, ಮಟ್ಟ ಮತ್ತು ಬೆಳಕನ್ನು ಇವನಿಗೆ ಕೊಡುವ ಬಗೆ ಹೇಗೆ ಎಂಬುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ವಿವರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯ ಯಾತಕ್ಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು. ಕಳೆದ ವರ್ಷ ನಮ್ಮ ಓಣಿಯಲ್ಲಿ ಒಂದು ರಾತ್ರಿ ಬೈಕು ಕಳುವಾಯಿತು. ಒಂದು ಮನೆಯ ಕ್ಯಾಮೆರಾದಲ್ಲಿ ಅದರ ಚಿತ್ರ ಸಿಕ್ಕಿತು. ಮುಖ ಇರಬೇಕಾದಲ್ಲಿ ಬರಿಯ ಬಿಳಿ ಮಚ್ಚೆ. ಕೆಳಗೆ ಬೆಳ್ಳಗಿನ ಪ್ಯಾಂಟು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಹಿರಿಯರು ನನ್ನನ್ನು ಕರೆದು, “ನೀನು ಓದಿದಾತ ಅದೀ, ಇದ್ರಾಗ ಯಾರದಾರ ನೋಡಿ ಹೇಳಪ್ಪಾ” ಎಂದರು. “ಗುರುತು ಹತ್ತಂಗಿಲ್ಲ, ಕಾಕಾ” ಎಂದೆ. ಆದರೆ ಓಣಿಯ ಬಾಯಿ ಸುಮ್ಮನಿರಲಿಲ್ಲ. ಖಾನಾವಳಿಯಲ್ಲಿ ಬಡಿಸುವ ಕೆಲಸಕ್ಕಿದ್ದು, ಬಿಳಿ ಪ್ಯಾಂಟಿನಲ್ಲೇ ಅಪರಾತ್ರಿ ಮನೆಗೆ ಮರಳುವ ಒಬ್ಬ ಹುಡುಗನ ಮೇಲೆ ಸಂಶಯ ಬಿತ್ತು. ಅವನ ತಾಯಿ ನಮ್ಮ ಅವ್ವನ ಹತ್ತಿರ ಬಂದು ಅತ್ತಳು. ಆ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿಯಬೇಕೆಂಬ ಹಟ ನನಗೆ ಹುಟ್ಟಿದ್ದು ಆಗ.

ಮೊದಲು ಎರಡು ಮಾತು ಇತಿಹಾಸ. ದೂರದಿಂದ ನೋಡುವ ಈ ಬಗೆಯ ಕ್ಯಾಮೆರಾವನ್ನು 1942ರ ಸುಮಾರಿಗೆ ಜರ್ಮನಿಯಲ್ಲಿ ರಾಕೆಟ್ಟುಗಳ ಹಾರಾಟವನ್ನು ಗಮನಿಸಲು ಬಳಸಿದರು. ಅದನ್ನು ಮನೆಯ ಬಾಗಿಲಿಗೆ ತಂದ ಕೀರ್ತಿ ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಗೆ ಸಲ್ಲುತ್ತದೆ. ಆಕೆ ತನ್ನ ಪತಿಯೊಡನೆ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದಳು. ಆ ಸಾಧನದಲ್ಲಿ ಕ್ಯಾಮೆರಾ ಬಾಗಿಲಿನಲ್ಲೇ ಇತ್ತು. ಹೊರಗೆ ನಿಂತವರ ಮುಖದ ಎತ್ತರಕ್ಕೆ ತಕ್ಕಂತೆ ಇಣುಕುಗಂಡಿಗಳಿದ್ದವು. ಮನೆಯ ಕ್ಯಾಮೆರಾದ ಮೂಲ ಉದ್ದೇಶ ಓಣಿಯನ್ನೆಲ್ಲ ನೋಡುವುದಲ್ಲ, ಬಾಗಿಲಿಗೆ ಬಂದವನ ಮುಖವನ್ನು ನೋಡುವುದು ಎಂಬುದು ಇದರಿಂದ ಸ್ಪಷ್ಟ. ಆ ಉದ್ದೇಶವನ್ನು ನಾವು ಮರೆತದ್ದೇ ಅರ್ಧ ತೊಂದರೆಗೆ ಕಾರಣ.

ಇನ್ನು ತಳವಾರನ ಮೊದಲನೆಯ ಗುಣವಾದ ಸಮೀಪವನ್ನು ವಿಚಾರ ಮಾಡೋಣ. ಕ್ಯಾಮೆರಾದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ನಮ್ಮ ಹೆಣ್ಣುಮಕ್ಕಳು ಹಾಕುವ ಚುಕ್ಕೆಯ ರಂಗೋಲಿಯಂತೆ. ಚುಕ್ಕೆ ಹೆಚ್ಚಾದಷ್ಟೂ ವಿವರ ಹೆಚ್ಚು. ಆದರೆ ಮುಖ್ಯವಾದುದು ಒಟ್ಟು ಚುಕ್ಕೆಗಳ ಲೆಕ್ಕವಲ್ಲ. ಆ ಮನುಷ್ಯ ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಚುಕ್ಕೆ ಬೀಳುತ್ತವೆ ಎಂಬುದು. ಐ.ಇ.ಸಿ. 62676-4 ಎಂಬ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿಯು ಇದಕ್ಕೆ ಮೆಟ್ಟಿಲುಗಳನ್ನು ಹೇಳಿದೆ. ಮೀಟರಿಗೆ 25 ಚುಕ್ಕೆಯಿದ್ದರೆ ಯಾರೋ ಇದ್ದಾರೆಂದು ತಿಳಿಯುತ್ತದೆ. 62 ಇದ್ದರೆ ಉಡುಪು ಮೊದಲಾದ ಲಕ್ಷಣಗಳು ಕಾಣುತ್ತವೆ. 125 ಇದ್ದರೆ ಪರಿಚಿತನನ್ನು ಹೌದೆನ್ನಬಹುದು. ಅಪರಿಚಿತನನ್ನು ಸಂಶಯವಿಲ್ಲದೆ ಗುರುತಿಸಲು 250 ಬೇಕು. ಮುಖದ ಅಗಲ ಸುಮಾರು 16 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 250ರ ಮೆಟ್ಟಿಲಿನಲ್ಲಿ ಮುಖಕ್ಕೆ ಸಿಗುವುದು 40 ಚುಕ್ಕೆ.

ಈಗ ನಮ್ಮ ಮನೆಗಳ ಲೆಕ್ಕ ಹಾಕೋಣ. ಹೆಚ್ಚಾಗಿ ಕೊಳ್ಳುವುದು 2 ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಚಿತ್ರದ ಅಗಲ 1920 ಚುಕ್ಕೆ. ಅದಕ್ಕೆ ಸಾಮಾನ್ಯವಾಗಿ 2.8 ಮಿಲಿಮೀಟರಿನ ಲೆನ್ಸ್ ಇರುತ್ತದೆ. ಅದು ಸುಮಾರು 100 ಡಿಗ್ರಿಯಷ್ಟು ಅಗಲವನ್ನು ನೋಡುತ್ತದೆ. 10 ಮೀಟರ್ ದೂರದಲ್ಲಿ ಅದರ ನೋಟದ ಅಗಲ ಸುಮಾರು 24 ಮೀಟರ್. 1920ನ್ನು 24ರಿಂದ ಭಾಗಿಸಿದರೆ ಮೀಟರಿಗೆ 80. ಎಂದರೆ ಅಷ್ಟು ದೂರದಲ್ಲಿ ನಡೆದವನು ನಮ್ಮ ಪಕ್ಕದ ಮನೆಯವನೇ ಆದರೂ ಹೌದೆನ್ನಲು ಬಾರದು! 250 ಸಿಗಬೇಕಾದರೆ ಅವನು ಸುಮಾರು 3.2 ಮೀಟರಿನೊಳಗೆ ಬರಬೇಕು. ನಮ್ಮ ಓಣಿಯ ಬೈಕು ನಿಂತದ್ದು ಕ್ಯಾಮೆರಾದಿಂದ ಹತ್ತು ಮೀಟರಿಗೂ ಆಚೆ.

ಅಂಗಡಿಯವರು “4 ಮೆಗಾಪಿಕ್ಸೆಲ್ ಹಾಕಿಸಿರಿ” ಎನ್ನುತ್ತಾರೆ. ಅದರ ಅಗಲ 2560 ಚುಕ್ಕೆ. ಗುರುತಿನ ದೂರ 3.2ರಿಂದ 4.3 ಮೀಟರಿಗೆ ಏರುತ್ತದೆ, ಅಷ್ಟೆ. ಹಳೆಯ 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೇ 6 ಮಿಲಿಮೀಟರಿನ ಲೆನ್ಸ್ ಹಾಕಿದರೆ ನೋಟದ ಕೋನ 52 ಡಿಗ್ರಿಯ ಆಸುಪಾಸಿಗೆ ಕಿರಿದಾಗುತ್ತದೆ. ಗುರುತಿನ ದೂರ ಸುಮಾರು 8 ಮೀಟರ್ ಆಗುತ್ತದೆ. ಆದುದರಿಂದ ಓಣಿಯನ್ನೆಲ್ಲ ನೋಡಲು ಒಂದು, ಗೇಟಿನಲ್ಲಿ ಮುಖವನ್ನು ಹಿಡಿಯಲು ಕಿರಿದಾದ ನೋಟದ ಇನ್ನೊಂದು, ಹೀಗೆ ಎರಡು ಸಾಧಾರಣ ಕ್ಯಾಮೆರಾಗಳು ಒಂದು ದುಬಾರಿ ಕ್ಯಾಮೆರಾಕ್ಕಿಂತ ಮೇಲು.

ಎರಡನೆಯದು ಮಟ್ಟ. ಕಳ್ಳರ ಕೈಗೆ ಸಿಗಬಾರದೆಂದು ಕ್ಯಾಮೆರಾವನ್ನು 12 ಅಡಿಯ ಮೇಲೆ ಕೂಡಿಸುತ್ತೇವೆ. ಅಲ್ಲಿಂದ 3 ಮೀಟರ್ ದೂರದಲ್ಲಿ ನಿಂತವನನ್ನು ನೋಡುವ ಇಳಿಜಾರು ಕೋನ ಸುಮಾರು 34 ಡಿಗ್ರಿ; ಕಾಣುವುದು ನೆತ್ತಿ ಮತ್ತು ಟೋಪಿ. 8 ಅಡಿಗೆ ಇಳಿಸಿದರೆ ಕೋನ 16 ಡಿಗ್ರಿಗಿಂತ ಕಡಿಮೆಯಾಗಿ ಮುಖ ಎದುರಿಗೆ ಬರುತ್ತದೆ. ಕೈಗೆ ಸಿಕ್ಕೀತೆಂಬ ಭಯವಿದ್ದರೆ, ಎತ್ತರದಲ್ಲಿರುವ ಮತ್ತೊಂದು ಕ್ಯಾಮೆರಾ ಇದನ್ನು ಕಾಯುವಂತೆ ಇಡಬಹುದು.

ಮೂರನೆಯದೂ ಎಲ್ಲಕ್ಕಿಂತ ಮಹತ್ವದ್ದೂ ಆದುದು ಬೆಳಕು. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತನ್ನ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ 25ರಲ್ಲಿ ಒಂದು ಪಾಲು ತೆರೆದಿತ್ತೆನ್ನಿ. ಸಾಧಾರಣವಾಗಿ ನಡೆಯುವವನು ಸೆಕೆಂಡಿಗೆ 1.4 ಮೀಟರ್ ಸಾಗುತ್ತಾನೆ. ಅಷ್ಟರಲ್ಲಿ ಅವನು 5.6 ಸೆಂಟಿಮೀಟರ್ ಸರಿದಿರುತ್ತಾನೆ. ಕ್ಯಾಮೆರಾಕ್ಕೆ ಅಡ್ಡಲಾಗಿ ನಡೆದರೆ ಮುಖದ 40 ಚುಕ್ಕೆಗಳಲ್ಲಿ 14 ಚುಕ್ಕೆಯಷ್ಟು ಕಲಸಿಹೋಗುತ್ತದೆ. ಕಣ್ಣು, ಮೂಗು, ತುಟಿ ಎಲ್ಲ ಒಂದೇ ಸಾರಣೆ! ಶಟರನ್ನು 100ರಲ್ಲಿ ಒಂದು ಪಾಲಿಗೆ ನಿಲ್ಲಿಸಿದರೆ ಕಲಸುವುದು ನಾಲ್ಕು ಚುಕ್ಕೆಯೊಳಗೆ. ಆದರೆ ಆಗ ಒಳಗೆ ಬರುವ ಬೆಳಕೂ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಬೇಕಾದರೆ ಒಂದೋ ಲೆನ್ಸಿನ ಬಾಯಿ ದೊಡ್ಡದಾಗಬೇಕು, ಇಲ್ಲವೇ ಹೊರಗೆ ದೀಪ ಬೇಕು. ಎಫ್ 2.0 ಲೆನ್ಸಿಗಿಂತ ಎಫ್ 1.0 ಲೆನ್ಸ್ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ರಾತ್ರಿಯಲ್ಲೂ ಬಣ್ಣದ ಚಿತ್ರ ಕೊಡುವ ಹೊಸ ಕ್ಯಾಮೆರಾಗಳ ಗುಟ್ಟು ಇಂಥ ಲೆನ್ಸ್ ಮತ್ತು ದೊಡ್ಡ ಸಂವೇದಕ. ಹೊಸದನ್ನು ಕೊಳ್ಳುವವರು ಮೆಗಾಪಿಕ್ಸೆಲ್ಲಿಗಿಂತ ಮೊದಲು ಇವೆರಡನ್ನು ವಿಚಾರಿಸಬೇಕು.

ದೀಪವಿಲ್ಲದಲ್ಲಿ ಕ್ಯಾಮೆರಾ ತನ್ನದೇ ಅವಕೆಂಪು ಕಿರಣಗಳನ್ನು ಬೀರುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಈ ಕಿರಣ ನಮ್ಮ ಕಣ್ಣಿಗೆ ಕಾಣದು, ಸಂವೇದಕಕ್ಕೆ ಕಾಣುತ್ತದೆ. ಸಾಮಾನ್ಯವಾಗಿ ಬಳಸುವುದು 850 ನ್ಯಾನೊಮೀಟರಿನ ಕಿರಣ. 940ರದು ಇನ್ನೂ ಗುಪ್ತವಾದರೂ ಸಂವೇದಕಕ್ಕೆ ಮಂಕು. ಇದಕ್ಕೆ ಎರಡು ದೋಷಗಳುಂಟು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಾಗುತ್ತದೆ; ಹೀಗಾಗಿ ಹತ್ತಿರದ ಮುಖ ಬೆಳ್ಳಗೆ ಸುಟ್ಟಂತಾಗುತ್ತದೆ, ದೂರದ್ದು ಕತ್ತಲಲ್ಲಿ ಮುಳುಗುತ್ತದೆ. ಎರಡನೆಯ ದೋಷ ಹೆಚ್ಚು ಅಪಾಯಕರ: ಅವಕೆಂಪಿನಲ್ಲಿ ಬಟ್ಟೆಯ ಬಣ್ಣ ಸುಳ್ಳು ಹೇಳುತ್ತದೆ.

ಇದನ್ನು ನಾನು ಕಣ್ಣಾರೆ ಕಂಡೆ. ನಮ್ಮೂರು ಜೀನ್ಸ್ ಹೊಲಿಗೆಗೆ ಹೆಸರಾದುದು. ನಮ್ಮ ಅಪ್ಪನೂ ಅಂಥ ಒಂದು ಘಟಕದಲ್ಲಿ ಹೊಲಿಯುತ್ತಾರೆ. ಅವರು ತಂದ ಕಡುನೀಲಿ ಜೀನ್ಸ್ ತುಂಡು, ಒಂದು ಕಪ್ಪು ಅಂಗಿ, ಒಂದು ಬಿಳಿ ಪಂಚೆ, ಈ ಮೂರನ್ನೂ ಹಗ್ಗದ ಮೇಲೆ ಹಾಕಿ, ಅದೇ ಕ್ಯಾಮೆರಾದ ಮುಂದೆ ರಾತ್ರಿ ಹತ್ತು ಗಂಟೆಗೆ ದೀಪ ಆರಿಸಿ ನೋಡಿದೆವು. ಪರದೆಯ ಮೇಲೆ ಕಡುನೀಲಿ ಜೀನ್ಸ್ ಬೆಳ್ಳಗೆ ಕಂಡಿತು; ಕಪ್ಪು ಅಂಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಜೀನ್ಸಿಗೆ ಹಾಕುವ ನೀಲಿ ಬಣ್ಣವು ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆಯೇ ಹೊರತು ಅವಕೆಂಪನ್ನು ಹೀರುವುದಿಲ್ಲ. ಬಟ್ಟೆಯ ನೂಲು ಅದನ್ನು ಹಿಂದಕ್ಕೆ ಕಳುಹುತ್ತದೆ. ಎಂದ ಮೇಲೆ ಆ ರಾತ್ರಿಯ “ಬಿಳಿ ಪ್ಯಾಂಟು” ನಿಜಕ್ಕೂ ಬಿಳಿಯದೇ ಆಗಿತ್ತೆಂದು ಹೇಳಲು ಆಧಾರವೇ ಇಲ್ಲ. ಈ ಜೀನ್ಸಿನ ಊರಿನಲ್ಲಿ ಅರ್ಧ ಊರನ್ನೇ ಹಿಡಿಯಬೇಕಾದೀತು! ಹಿರಿಯರು ನೋಡಿ ಸುಮ್ಮನಾದರು. ಹುಡುಗನ ಮೇಲಿನ ಮಾತು ನಿಂತಿತು. ಆದರೆ ಅವನು ಇಂದಿಗೂ ಕೆಲಸದಿಂದ ಮರಳುವಾಗ ಆ ಮನೆಯ ಮುಂದೆ ಹಾಯದೆ ಸುತ್ತು ಹಾಕಿ ಬರುತ್ತಾನೆ. ಬೈಕು ಸಿಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಖರ್ಚಿಲ್ಲದ್ದರಿಂದ ಮೊದಲುಮಾಡೋಣ. ನಮ್ಮದು ಧೂಳಿನ ಊರು. ಗಾಜಿನ ಮೇಲೆ ಕುಳಿತ ಧೂಳು, ಅಂಚಿನಲ್ಲಿ ಕಟ್ಟಿದ ಜೇಡರ ಬಲೆ ಅವಕೆಂಪಿಗೆ ಹೊಳೆದು ಚಿತ್ರವನ್ನೆಲ್ಲ ಮಂಜಾಗಿಸುತ್ತವೆ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪಕ್ಕದಲ್ಲೇ ಸುಣ್ಣದ ಗೋಡೆಯಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಸರಿಸಬೇಕು. ಗೋಡೆ ಕಿರಣವನ್ನು ಮರಳಿಸಿ ಮುಖವನ್ನು ಕಪ್ಪಾಗಿಸುತ್ತದೆ. ಎರಡನೆಯದಾಗಿ ಗೇಟಿಗೊಂದು ದೀಪ. 9 ವಾಟ್ ಬಲ್ಬು ರಾತ್ರಿ 12 ಗಂಟೆ ಉರಿದರೂ ತಿಂಗಳಿಗೆ ಆಗುವುದು ಸುಮಾರು 3 ಯೂನಿಟ್. ದೀಪವು ಕ್ಯಾಮೆರಾದ ಕಣ್ಣಿಗೆ ಹೊಡೆಯದೆ ಬರುವವನ ಮುಖದ ಮೇಲೆ ಬೀಳುವಂತಿರಲಿ. ಅದರಿಂದ ಮುಖ ಮಾತ್ರವಲ್ಲ, ಬಟ್ಟೆಯ ನಿಜವಾದ ಬಣ್ಣವೂ ಸಿಗುತ್ತದೆ. ಮೂರನೆಯದಾಗಿ ಎತ್ತರ ಮತ್ತು ಲೆನ್ಸ್. ಹೊಸ ಕ್ಯಾಮೆರಾ ಕೊಳ್ಳುವ ಮಾತು ಇವೆಲ್ಲ ಆದ ಮೇಲೆ.

ಅನಂತರ ಪರೀಕ್ಷೆ ಮಾಡಬೇಕು. ಹಗಲಿನಲ್ಲಿ ಅಲ್ಲ, ರಾತ್ರಿಯಲ್ಲಿ. ನಿಂತವನನ್ನು ಅಲ್ಲ, ನಡೆಯುವವನನ್ನು. ಮನೆಯವರೊಬ್ಬರು ಗೇಟಿನಿಂದ ಬಾಗಿಲಿಗೆ ನಡೆದು ಬರಲಿ. ದಾಖಲೆಯನ್ನು ನಿಲ್ಲಿಸಿ, ಅವರನ್ನು ಅರಿಯದ ಒಬ್ಬರಿಗೆ ಆ ಚಿತ್ರವನ್ನೂ ಮನೆಯವರ ನಾಲ್ಕಾರು ಫೋಟೋಗಳನ್ನೂ ತೋರಿಸಿ ಯಾರೆಂದು ಕೇಳಬೇಕು. ನಮ್ಮವರನ್ನು ನಾವು ನಡಿಗೆಯಿಂದಲೇ ಅರಿತುಬಿಡುತ್ತೇವೆ. ಆದುದರಿಂದ ನಮ್ಮ ಕಣ್ಣು ಇಲ್ಲಿ ಪರೀಕ್ಷಕನಾಗಲಾರದು.

ಒಳ್ಳೆಯ ಬೆಳಕಿನಲ್ಲಿ ಹತ್ತಿರದಿಂದ ಹಿಡಿದ ಮುಖ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವುಂಟು. 2013ರ ನವೆಂಬರಿನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎ.ಟಿ.ಎಂ. ಕೋಣೆಯಲ್ಲಿ ಒಬ್ಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಸಣ್ಣ ಕೋಣೆ, ಉರಿಯುವ ದೀಪ. ಹಲ್ಲೆಗಾರನ ಮುಖ ಸ್ಪಷ್ಟವಾಗಿ ದಾಖಲಾಗಿತ್ತು. ಅವನು ಸಿಕ್ಕಿದ್ದು 2017ರಲ್ಲಿ, ಆಂಧ್ರಪ್ರದೇಶದಲ್ಲಿ. ಚಿತ್ರವು ಹೆಸರನ್ನಾಗಲಿ ಊರನ್ನಾಗಲಿ ಹೇಳಲಿಲ್ಲ. ಮುಖವೊಂದನ್ನು ಕೆಡದಂತೆ ಕಾಪಾಡಿತು. ಕ್ಯಾಮೆರಾದಿಂದ ನಾವು ನಿರೀಕ್ಷಿಸಬೇಕಾದುದು ಅಷ್ಟೇ.

ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು. ಜನಸಂದಣಿಯ ಸಂಸ್ಥೆಗಳು ಕ್ಯಾಮೆರಾ ಇಟ್ಟು 30 ದಿನಗಳ ದಾಖಲೆಯನ್ನು ಉಳಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ವಿಧಿಸುತ್ತದೆ. ಮನೆಗಳಿಗೆ ಈ ಕಟ್ಟಳೆಯಿಲ್ಲವಾದರೂ ಅವಧಿ ಅನುಕರಣೀಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಜೊತೆಗಿರಬೇಕು. ಯಂತ್ರದ ಗಡಿಯಾರ ತಪ್ಪಿದ್ದರೆ ಸಾಕ್ಷಿಯ ಮೇಲೆಯೇ ಸಂಶಯ ಬರುತ್ತದೆ. ಅದನ್ನು ಆಗಾಗ ಸರಿಪಡಿಸಬೇಕು. ಮತ್ತೊಂದು: ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿದೆ. ನಮ್ಮ ಕ್ಯಾಮೆರಾ ನಮ್ಮ ಗೇಟನ್ನು ಕಾಯಲಿ, ನೆರೆಮನೆಯ ಕಿಟಕಿಯನ್ನಲ್ಲ. ನೋಟವನ್ನು ಕಿರಿದುಮಾಡಿದರೆ ಮುಖವೂ ಸ್ಪಷ್ಟ, ನೆರೆಯವರ ಮಾನವೂ ಭದ್ರ.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣೆದುರಿನ ದೃಶ್ಯಕ್ಕೇ ಈ ಎಚ್ಚರಿಕೆಯಾದರೆ, ಕತ್ತಲಲ್ಲಿ, ದೂರದಿಂದ, ಬಣ್ಣವಿಲ್ಲದೆ ಮೂಡಿದ ನೆರಳಿಗೆ ಎಷ್ಟು ಎಚ್ಚರಿಕೆ ಬೇಡ? ಮೊಬೈಲಿನಿಂದ ಮೊಬೈಲಿಗೆ ಇಂಥ ನೆರಳುಗಳು ಹರಿದಾಡುವ ಈ ದಿನಗಳಲ್ಲಿ ಓದು ಬಲ್ಲವರ ಹೊಣೆ ಹೆಚ್ಚಿನದು. ನಮ್ಮ ಮನೆಗಳಲ್ಲಿ, ಓಣಿಗಳಲ್ಲಿ “ಇವನು ಯಾರು?” ಎಂದು ನಮ್ಮನ್ನೇ ಕೇಳುತ್ತಾರೆ. ಕ್ಯಾಮೆರಾವನ್ನು ಸರಿಪಡಿಸೋಣ, ದೀಪ ಹಚ್ಚೋಣ. ಅದಾದ ಮೇಲೂ ಮುಖ ಕಾಣದಿದ್ದಲ್ಲಿ, ಕಾಣುವುದಿಲ್ಲವೆಂದು ಸ್ಪಷ್ಟವಾಗಿ ಹೇಳೋಣ.