ಕುಟುಂಬದ ವಿದೇಶ ಪ್ರವಾಸಕ್ಕೆ ಮಿತವ್ಯಯದ ವಿಮೆ: ಆಯ್ಕೆಯ ಲೆಕ್ಕಾಚಾರ

ದಾಸ್ತಾನಿಗೆ ಅಗ್ನಿವಿಮೆ, ಲಾರಿಯಲ್ಲಿ ಸಾಗುವ ಸರಕಿಗೆ ಸಾಗಣೆ ವಿಮೆ, ಕಾರ್ಖಾನೆಯ ಯಂತ್ರಗಳಿಗೆ ಯಂತ್ರವಿಮೆ ಅಗತ್ಯವೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಇದೇ ವರ್ತಕರು ಬೇಸಿಗೆ ರಜೆಯಲ್ಲೋ ದಸರಾ ರಜೆಯಲ್ಲೋ ಕುಟುಂಬಸಮೇತ ವಿದೇಶಕ್ಕೆ ಹೊರಡುವಾಗ, ಟ್ರಾವೆಲ್ ಏಜೆಂಟರು ತೋರಿಸಿದ ಅತಿ ಅಗ್ಗದ ವಿಮಾಪತ್ರವನ್ನು ಓದದೆಯೇ ಸ್ವೀಕರಿಸುವುದು ಸಾಮಾನ್ಯ.

ಸ್ವಂತ ಮಾಲೀಕತ್ವದ ಮತ್ತು ಪಾಲುದಾರಿಕೆಯ ವ್ಯವಹಾರಗಳಲ್ಲಿ ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ನಡುವಿನ ಗೋಡೆ ತೆಳುವಾದದ್ದು. ಪರದೇಶದ ಆಸ್ಪತ್ರೆಯ ದೊಡ್ಡ ಬಿಲ್ಲನ್ನು ಕೊನೆಗೆ ಭರಿಸುವುದು ವ್ಯವಹಾರದ ದುಡಿಯುವ ಬಂಡವಾಳವೇ. ಸರಕು ಕೊಟ್ಟವರ ಪಾವತಿ, ಕಾರ್ಮಿಕರ ವೇತನ, ಬ್ಯಾಂಕಿನ ಕಂತು ಎಲ್ಲವೂ ಅದರ ಹಿಂದೆ ನಿಲ್ಲಬೇಕಾಗುತ್ತದೆ. ಆದುದರಿಂದ ಯಾವ ವಿಮೆ ನಿಜವಾಗಿ ಅಗ್ಗವಾದದ್ದು ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಇಲ್ಲಿ ವಿವೇಚಿಸಲಾಗಿದೆ.

1. ಇರುವ ರಕ್ಷಣೆಯನ್ನು ಮೊದಲು ಎಣಿಸಿರಿ

ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಂತೆ, ಹೊಸ ವಿಮೆ ಕೊಳ್ಳುವ ಮುನ್ನ ಕೈಯಲ್ಲಿರುವ ರಕ್ಷಣೆಯನ್ನು ಪಟ್ಟಿಮಾಡುವುದು ಲೇಸು. ಕುಟುಂಬದ ಆರೋಗ್ಯ ವಿಮೆ ಇದ್ದರೆ ಭಾರತದೊಳಗಿನ ಪ್ರವಾಸದಲ್ಲಿ ಆಸ್ಪತ್ರೆಯ ವೆಚ್ಚಕ್ಕೆ ಬಹುಮಟ್ಟಿಗೆ ಅದೇ ಸಾಕಾಗುತ್ತದೆ. ರೈಲಿನಲ್ಲಿ ಹೋಗುವವರಿಗೆ ಐಆರ್‌ಸಿಟಿಸಿ ಜಾಲತಾಣದಲ್ಲಿ 2016ರಿಂದ ಐಚ್ಛಿಕ ವಿಮೆ ದೊರೆಯುತ್ತಿದೆ. ಪ್ರಯಾಣಿಕನೊಬ್ಬನಿಗೆ ಒಂದು ರೂಪಾಯಿಗೂ ಕಡಿಮೆ ಕಂತಿಗೆ, ರೈಲು ಅಪಘಾತದಲ್ಲಿ ಮರಣ ಸಂಭವಿಸಿದರೆ 10 ಲಕ್ಷ ರೂಪಾಯಿ ಪರಿಹಾರ ಅದರಲ್ಲಿದೆ. ಟಿಕೆಟ್ ಕೊಂಡ ನಂತರ ನಾಮನಿರ್ದೇಶನವನ್ನು ತುಂಬಲು ಮಾತ್ರ ಮರೆಯಬಾರದು.

ವಿದೇಶಕ್ಕೆ ಈ ಮಾತು ಅನ್ವಯಿಸದು. ನಮ್ಮ ಸಾಮಾನ್ಯ ಆರೋಗ್ಯ ವಿಮಾಪತ್ರಗಳು ಭಾರತದಲ್ಲಿ ಪಡೆದ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ಹೀಗಾಗಿ ವಿದೇಶ ಪ್ರವಾಸದ ವಿಮೆಯಲ್ಲಿ ನಾವು ಕೊಳ್ಳಬೇಕಾದ ಮುಖ್ಯ ವಸ್ತು ವೈದ್ಯಕೀಯ ರಕ್ಷಣೆ. ಉಳಿದುವೆಲ್ಲ ಅದರ ನಂತರದ್ದು.

2. ದೊಡ್ಡ ನಷ್ಟ ವಿಮೆಗೆ, ಸಣ್ಣ ನಷ್ಟ ಕೈಚೀಲಕ್ಕೆ

ತಾನು ಭರಿಸಲಾಗದ ನಷ್ಟವನ್ನು ವಿಮೆಗೆ ವಹಿಸಿ, ಭರಿಸಬಹುದಾದುದನ್ನು ತಾನೇ ಹೊರುವುದು ವಿಮೆಯ ಮೂಲಸೂತ್ರ. ತುರ್ತು ಶಸ್ತ್ರಚಿಕಿತ್ಸೆ, ರೋಗಿಯನ್ನು ಸ್ವದೇಶಕ್ಕೆ ಕರೆತರುವ ವೆಚ್ಚ, ಪಾರ್ಥಿವ ಶರೀರದ ಸಾಗಣೆ, ನಮ್ಮಿಂದ ಇತರರಿಗಾದ ಹಾನಿಯ ಹೊಣೆ ಮೊದಲ ವರ್ಗಕ್ಕೆ ಸೇರುತ್ತವೆ. ವಿಮಾನ ನಾಲ್ಕು ಗಂಟೆ ತಡವಾದುದು, ಒಂದು ಪೆಟ್ಟಿಗೆ ಮರುದಿನ ಬಂದುದು ಎರಡನೆಯ ವರ್ಗದವು.

ಪೆಟ್ಟಿಗೆಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಯಾನದಲ್ಲಿ ಸಾಮಾನು ಕಳೆದರೆ ಅಥವಾ ಕೆಟ್ಟರೆ ಒಂದು ಮಿತಿಯವರೆಗೆ ವಿಮಾನ ಸಂಸ್ಥೆಯೇ ಹೊಣೆ. ಕೆಟ್ಟ ಸಾಮಾನಿಗೆ 7 ದಿನ, ತಡವಾಗಿ ಬಂದ ಸಾಮಾನಿಗೆ ಅದು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಈ ಹಕ್ಕು ಇರುವಾಗ, ಸಾಮಾನಿನ ರಕ್ಷಣೆ ಹೆಚ್ಚಿದೆಯೆಂದು ವೈದ್ಯಕೀಯ ಮೊತ್ತ ಕಡಿಮೆಯಿರುವ ಯೋಜನೆಯನ್ನು ಆರಿಸುವುದು ಜಾಣತನವಲ್ಲ.

ಡಿಡಕ್ಟಿಬಲ್ ಎಂಬ ಕಡಿತದ ಮೊತ್ತವೂ ಇದೇ ಸೂತ್ರದಿಂದ ಬಂದುದು. ಪ್ರತಿ ಕ್ಲೇಮಿನಲ್ಲಿ ಮೊದಲ 100 ಡಾಲರನ್ನು ನಾವೇ ಭರಿಸಲು ಒಪ್ಪಿದರೆ ಕಂತು ಇಳಿಯುತ್ತದೆ. ಇಂತಹ ಉಳಿತಾಯ ಸ್ವಾಗತಾರ್ಹ.

3. ಉಪಮಿತಿಯ ಒಳಗುಟ್ಟು

ಎಲ್ಲ ಉಳಿತಾಯವೂ ಸ್ವಾಗತಾರ್ಹವಲ್ಲ. ವಿಮಾಪತ್ರದ ಮುಖಪುಟದಲ್ಲಿ ದೊಡ್ಡ ವಿಮಾ ಮೊತ್ತವನ್ನು ಮುದ್ರಿಸಿ, ಒಳಪುಟದಲ್ಲಿ ಕೊಠಡಿ ಬಾಡಿಗೆ, ಶಸ್ತ್ರಚಿಕಿತ್ಸೆ, ಪರೀಕ್ಷೆಗಳಿಗೆ ಪ್ರತ್ಯೇಕ ಮಿತಿ ಹಾಕುವ ಪದ್ಧತಿಯುಂಟು. ಇದಕ್ಕೆ ಉಪಮಿತಿ ಅಥವಾ ಸಬ್-ಲಿಮಿಟ್ ಎನ್ನುತ್ತಾರೆ. ಅರವತ್ತು ದಾಟಿದವರ ವಿಮಾಪತ್ರಗಳಲ್ಲಿ ಇದು ವಿಶೇಷವಾಗಿ ಕಾಣಸಿಗುತ್ತದೆ.

ವಿವರಣೆಗಾಗಿ ಕಲ್ಪಿತ ಅಂಕಿಗಳ ಉದಾಹರಣೆಯೊಂದನ್ನು ನೋಡೋಣ. ‘ಅ’ ಯೋಜನೆಯ ವಿಮಾ ಮೊತ್ತ 1,00,000 ಡಾಲರ್, ಕಂತು 2,400 ರೂಪಾಯಿ. ಉಪಮಿತಿಗಳು ಕೊಠಡಿಗೆ ದಿನಕ್ಕೆ 1,500, ಶಸ್ತ್ರಚಿಕಿತ್ಸೆಗೆ 10,000, ಪರೀಕ್ಷೆಗಳಿಗೆ 1,000 ಡಾಲರ್. ‘ಆ’ ಯೋಜನೆಯ ವಿಮಾ ಮೊತ್ತ 50,000 ಡಾಲರ್, ಕಂತು 3,100 ರೂಪಾಯಿ, ಉಪಮಿತಿ ಇಲ್ಲ. ಎರಡರಲ್ಲಿಯೂ ಕಡಿತ 100 ಡಾಲರ್.

ಪ್ರವಾಸದಲ್ಲಿ ತಂದೆಯವರು ಐದು ದಿನ ಆಸ್ಪತ್ರೆಯಲ್ಲಿದ್ದರೆನ್ನಿ. ಬಿಲ್ಲು ಹೀಗಿದೆ: ಕೊಠಡಿಗೆ ದಿನಕ್ಕೆ 2,500ರಂತೆ 12,500, ಶಸ್ತ್ರಚಿಕಿತ್ಸೆಗೆ 14,000, ಪರೀಕ್ಷೆಗಳಿಗೆ 1,500, ಒಟ್ಟು 28,000 ಡಾಲರ್.

‘ಅ’ ಯೋಜನೆಯಲ್ಲಿ ಮಾನ್ಯವಾಗುವುದು 7,500 + 10,000 + 1,000 = 18,500. ಕಡಿತ ಕಳೆದು ಬರುವುದು 18,400. ಕುಟುಂಬದ ಪಾಲು 9,600 ಡಾಲರ್. ‘ಆ’ ಯೋಜನೆಯಲ್ಲಿ ಬರುವುದು 27,900. ಕುಟುಂಬದ ಪಾಲು ಕೇವಲ 100 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೂ ವ್ಯತ್ಯಾಸ 8,55,000 ರೂಪಾಯಿ. ಕಂತಿನಲ್ಲಿ ಉಳಿಸಿದ್ದು 700 ರೂಪಾಯಿ! ಇಮ್ಮಡಿ ವಿಮಾ ಮೊತ್ತದ ಪತ್ರವೇ ಇಲ್ಲಿ ದುಬಾರಿಯಾದುದನ್ನು ಗಮನಿಸಬೇಕು.

4. ಕಂತನ್ನು ನ್ಯಾಯವಾಗಿ ಇಳಿಸುವ ದಾರಿಗಳು

ಮೊದಲನೆಯದು ಭೂಪ್ರದೇಶದ ಆಯ್ಕೆ. ಅಮೆರಿಕ ಮತ್ತು ಕೆನಡಾಗಳ ಚಿಕಿತ್ಸಾ ವೆಚ್ಚ ಬಹಳ ಹೆಚ್ಚಾದುದರಿಂದ, ಅವನ್ನು ಸೇರಿಸಿದ ಯೋಜನೆಗಳಿಗೆ ಕಂತು ಅಧಿಕ. ಸಿಂಗಪುರ ಅಥವಾ ಥಾಯ್ಲೆಂಡಿಗೆ ಹೋಗುವವರು ಇಡೀ ವಿಶ್ವದ ರಕ್ಷಣೆಗೆ ಹಣ ತೆರಬೇಕಾಗಿಲ್ಲ. ಅದೇ ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೊರಟ ತಂದೆತಾಯಿಗಳಿಗೆ ವಿಮಾ ಮೊತ್ತದಲ್ಲಿ ಜಿಪುಣತನ ಸಲ್ಲದು. ಯೂರೋಪಿನ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆ ಕಡ್ಡಾಯ. ಅದು ಕೆಳಮಿತಿಯೇ ಹೊರತು ಸಾಕೆಂಬ ಪ್ರಮಾಣಪತ್ರವಲ್ಲ.

ಎರಡನೆಯದು ಕುಟುಂಬದ ವಿಂಗಡಣೆ. ಎಲ್ಲರನ್ನೂ ಒಂದೇ ಪತ್ರದಲ್ಲಿ ಸೇರಿಸಿದರೆ ಹಿರಿಯರ ವಯಸ್ಸಿನಿಂದ ಕಂತು ಏರಬಹುದು; ವಿಮಾ ಮೊತ್ತವೂ ಹಂಚಿಹೋಗಬಹುದು. ದಂಪತಿ ಮತ್ತು ಮಕ್ಕಳಿಗೆ ಒಂದು, ವೃದ್ಧ ತಂದೆತಾಯಿಗಳಿಗೆ ಬೇರೆ ಎಂದು ಎರಡೂ ರೀತಿಯ ದರ ಕೇಳಿ ಹೋಲಿಸುವುದು ಉತ್ತಮ.

ಮೂರನೆಯದು ವಾರ್ಷಿಕ ಪತ್ರ. ಗ್ವಾಂಗ್‌ಝೌ ಮೇಳಕ್ಕೋ ದುಬೈಗೋ ವರ್ಷದಲ್ಲಿ ಹಲವು ಬಾರಿ ಹೋಗುವವರಿಗೆ ಬಹುಪ್ರಯಾಣದ ವಾರ್ಷಿಕ ವಿಮೆ ಲಾಭಕರವಾಗಬಹುದು. ಆದರೆ ಪ್ರತಿ ಪ್ರಯಾಣಕ್ಕೂ ಗರಿಷ್ಠ ದಿನಗಳ ಮಿತಿ ಇರುತ್ತದೆ.

5. ಮುಚ್ಚಿಟ್ಟ ಕಾಯಿಲೆ, ಓದದ ಷರತ್ತು

ವಿಮೆಯ ಒಪ್ಪಂದ ಪರಮ ವಿಶ್ವಾಸದ ಒಪ್ಪಂದ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಹೃದಯ ಚಿಕಿತ್ಸೆಗಳನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕಂತು ಕಡಿಮೆಯಾದೀತು. ಕ್ಲೇಮು ನಿರಾಕರಣೆಗೆ ಅದೇ ಕಾರಣವಾದೀತು. ಏಜೆಂಟರು ಅರ್ಜಿ ತುಂಬಿದರೂ ಸಹಿ ನಮ್ಮದು, ಹೊಣೆಯೂ ನಮ್ಮದು. ಮೊದಲೇ ಇದ್ದ ಕಾಯಿಲೆ ಪ್ರಾಣಾಪಾಯದ ತುರ್ತಿಗೆ ತಿರುಗಿದರೆ ಎಷ್ಟು ಮೊತ್ತ ಕೊಡಲಾಗುತ್ತದೆ ಎಂಬುದನ್ನು ಲಿಖಿತವಾಗಿ ನೋಡಿಯೇ ಆರಿಸಬೇಕು.

ಮದ್ಯಪಾನದ ಅಮಲಿನಲ್ಲಾದ ಅಪಘಾತ, ಸಾಹಸಕ್ರೀಡೆ, ಮಾನ್ಯ ಪರವಾನಗಿ ಇಲ್ಲದೆ ಬಾಡಿಗೆ ಸ್ಕೂಟರ್ ಓಡಿಸುವುದು ಸಾಮಾನ್ಯವಾಗಿ ರಕ್ಷಣೆಯ ಹೊರಗಿರುತ್ತವೆ. 2010ರ ಏಪ್ರಿಲಿನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ವಿಮಾನಯಾನ ದಿನಗಟ್ಟಲೆ ನಿಂತಿತು. 2020ರಲ್ಲಿ ಕೋವಿಡ್ ಇಡೀ ಜಗತ್ತಿನ ಪ್ರಯಾಣವನ್ನು ನಿಲ್ಲಿಸಿತು. ಇಂತಹ ಸಂದರ್ಭಗಳಲ್ಲಿ ‘ಪ್ರವಾಸ ರದ್ದತಿ’ ಎಂಬ ಶೀರ್ಷಿಕೆಗಿಂತ, ಯಾವ ಕಾರಣಕ್ಕಾದ ರದ್ದತಿ ಎಂಬ ಷರತ್ತೇ ಮುಖ್ಯವಾಗುತ್ತದೆ. ಭಯದಿಂದ ನಾವಾಗಿಯೇ ಪ್ರಯಾಣ ಕೈಬಿಟ್ಟರೆ ಸಾಮಾನ್ಯವಾಗಿ ಹಣ ಬಾರದು.

6. ಕ್ಲೇಮಿನ ಶಿಸ್ತು

ಆಸ್ಪತ್ರೆಗೆ ಸೇರುವಾಗ, ತುರ್ತಿದ್ದರೆ ಸೇರಿದ ಕೂಡಲೇ, ವಿಮಾಪತ್ರದಲ್ಲಿರುವ ಸಹಾಯವಾಣಿಗೆ ಕರೆ ಮಾಡಬೇಕು. ನಗದುರಹಿತ ಚಿಕಿತ್ಸೆಗೆ ಅದೇ ಬಾಗಿಲು. ಬಿಲ್ಲು, ವೈದ್ಯರ ವರದಿ, ಪಾವತಿ ರಸೀದಿಗಳ ಮೂಲಪ್ರತಿಗಳನ್ನು ತರಬೇಕು. ಕಳ್ಳತನಕ್ಕೆ ಅಲ್ಲಿನ ಪೊಲೀಸ್ ದೂರು, ಸಾಮಾನು ಕಾಣೆಯಾದರೆ ವಿಮಾನ ಸಂಸ್ಥೆಯ ಲಿಖಿತ ವರದಿ ಅಗತ್ಯ.

ಕ್ಲೇಮು ಅನ್ಯಾಯವಾಗಿ ನಿರಾಕೃತವಾದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

7. ಲೆಕ್ಕಪುಸ್ತಕದಲ್ಲಿ

ಕುಟುಂಬದ ವಿಮಾ ಕಂತು ವೈಯಕ್ತಿಕ ವೆಚ್ಚ. ವ್ಯವಹಾರದ ಖಾತೆಯಿಂದ ಪಾವತಿಸಿದರೆ ಅದನ್ನು ಮಾಲೀಕರ ಅಥವಾ ಪಾಲುದಾರರ ಹಿಂತೆಗೆತಕ್ಕೆ ಬರೆಯಬೇಕು; ಲಾಭನಷ್ಟ ಖಾತೆಗೆ ಅಲ್ಲ. ಅದರ ಮೇಲೆ ಜಿಎಸ್‌ಟಿ ತೆತ್ತಿದ್ದರೆ ಅದಕ್ಕೆ ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಲಾಗದು. ವ್ಯಾಪಾರ ಮೇಳಕ್ಕೆ ಹೊರಟವರು ಕುಟುಂಬವನ್ನೂ ಕರೆದೊಯ್ಯುವುದಾದರೆ ತಮ್ಮ ವಿಮೆಗೆ ಪ್ರತ್ಯೇಕ ಪತ್ರ, ಪ್ರತ್ಯೇಕ ರಸೀದಿ ಪಡೆಯುವುದು ಸೂಕ್ತ.

ಒಟ್ಟಿನಲ್ಲಿ, ಟಿಕೆಟ್ ಕಾದಿರಿಸಿದ ಕೂಡಲೇ, ಹೊರಡುವ ಮತ್ತು ಹಿಂದಿರುಗುವ ದಿನಗಳೆರಡನ್ನೂ ಸೇರಿಸಿ, ಒಂದೆರಡು ದಿನ ಹೆಚ್ಚಾಗಿಯೇ ಇಟ್ಟು ವಿಮೆ ಕೊಳ್ಳಿರಿ. ಮೂರು ಯೋಜನೆಗಳನ್ನು ಒಂದು ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು ವೈದ್ಯಕೀಯ ಮೊತ್ತ, ಉಪಮಿತಿ, ಕಡಿತ, ಹಳೆಯ ಕಾಯಿಲೆಯ ಷರತ್ತುಗಳನ್ನು ಹೋಲಿಸಿರಿ. ಕಂತಿನ ಸಾಲನ್ನು ಕೊನೆಯಲ್ಲಿ ಓದಿರಿ. ಸರಕು ಕೊಳ್ಳುವಾಗ ಗುಣ ನೋಡಿ ಅನಂತರ ದರ ಚೌಕಾಸಿ ಮಾಡುವ ನಮ್ಮ ವ್ಯಾಪಾರಿ ಬುದ್ಧಿ, ವಿಮೆ ಕೊಳ್ಳುವಾಗಲೂ ಜೊತೆಗಿದ್ದರೆ ಸಾಕು.