ಅರದಾಳ ಒಳ್ಳೆಯದೋ, ಡಬ್ಬಿ ಬಣ್ಣವೋ?

ಪ್ರಶ್ನೆ: ಮಗ ಯಕ್ಷಗಾನ ಕಲಿಯುತ್ತಿದ್ದಾನೆ. ಈ ವರ್ಷ ಬಣ್ಣ ಹಚ್ಚುವ ಉತ್ಸಾಹದಲ್ಲಿದ್ದಾನೆ. ‘ಹಿಂದಿನವರು ಅರದಾಳ, ಇಂಗಳೀಕ ಹಚ್ಚಿ ಇಡೀ ರಾತ್ರಿ ಕುಣಿದರು, ಏನೂ ಆಗಲಿಲ್ಲ. ಕೆಮಿಕಲ್ ಇರುವುದು ಈಗಿನ ಡಬ್ಬಿಯಲ್ಲಿ’ ಎನ್ನುತ್ತಾರೆ ನಮ್ಮ ಮಾವ. ಹೌದೇ?
– ಓದುಗರು, ಧರ್ಮಸ್ಥಳ

ಉತ್ತರ: ಡಬ್ಬಿಯ ಬಗ್ಗೆ ಮಾವನವರ ಅನುಮಾನ ಸರಿ, ಅರದಾಳದ ಮೇಲಿನ ನಂಬಿಕೆ ಸರಿಯಲ್ಲ. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಹಳದಿ ಖನಿಜ. ಶುದ್ಧ ಅರದಾಳ ನೂರು ಗ್ರಾಂ ಇದ್ದರೆ ಅದರಲ್ಲಿ ಸುಮಾರು 61 ಗ್ರಾಂ ಆರ್ಸೆನಿಕ್ಕೇ. ಕೆಂಪು ಖನಿಜವಾದ ಇಂಗಳೀಕದ ನೂರು ಗ್ರಾಂನಲ್ಲಿ ಪಾದರಸ ಸುಮಾರು 86 ಗ್ರಾಂ. ಇನ್ನು ಕಾನೂನು ನೋಡಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಬಣ್ಣಕ್ಕಾಗಿ ಆರ್ಸೆನಿಕ್ ಇಲ್ಲವೇ ಸೀಸದ ಸಂಯುಕ್ತ ಬಳಸುವಂತೆಯೇ ಇಲ್ಲ. ಸಾಮಾನ್ಯ ಪ್ರಸಾಧನದಲ್ಲಿ ತಿಳಿಯದೆ ಸೇರಿಕೊಂಡ ಪಾದರಸವೂ ಹತ್ತು ಲಕ್ಷ ಪಾಲಿಗೆ ಒಂದು ಪಾಲನ್ನು ಮೀರಬಾರದು. ಆದರೆ ಗ್ರಂಥಿಗೆ ಅಂಗಡಿಯಲ್ಲಿ ಕಲ್ಲಿನ ರೂಪದಲ್ಲಿ ಸಿಗುವ ಅರದಾಳದ ಮೇಲೆ ‘ಮುಖಕ್ಕೆ ಹಚ್ಚುವ ಬಣ್ಣ’ ಎಂದು ಯಾರೂ ಬರೆದಿರುವುದಿಲ್ಲ, ಹಾಗಾಗಿ ಅದು ಈ ನಿಯಮದ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಹಿರಿಯ ವೇಷಧಾರಿಗಳು ಬದುಕಿದ್ದು ಹೇಗೆ? ಇದು ಒಳ್ಳೆಯ ಪ್ರಶ್ನೆ. ದೈವದ ನೇಮದಲ್ಲೂ ಮುಖಕ್ಕೆ ಇದೇ ಅರದಾಳ ಬಳಿಯುತ್ತ ಬಂದಿರುವುದರಿಂದ ಉತ್ತರ ಇನ್ನಷ್ಟು ಜನರಿಗೆ ಬೇಕಾದದ್ದು. ಈ ಎರಡೂ ಖನಿಜಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಗಾಯವಿಲ್ಲದ ಚರ್ಮದ ಮೂಲಕ ಒಳಗಿಳಿಯುವುದು ಕಡಿಮೆ. ಆದರೆ ಅರದಾಳ ಬೆಳಕು, ಗಾಳಿಗೆ ಒಡ್ಡಿಕೊಂಡಾಗ ನಿಧಾನವಾಗಿ ಬಿಳಿ ಪಾಷಾಣವೆಂಬ ಆರ್ಸೆನಿಕ್ ವಿಷವಾಗಿ ಮಾರ್ಪಡುತ್ತದೆ. ಹಳೆಯ ವರ್ಣಚಿತ್ರಗಳಲ್ಲಿ ಹಳದಿ ಮಾಸುವುದಕ್ಕೆ ಇದೂ ಒಂದು ಕಾರಣ. ಅರದಾಳದಂತಲ್ಲ, ಪಾಷಾಣ ನೀರಿನಲ್ಲಿ ಕರಗುತ್ತದೆ. ಅದೂ ಅಲ್ಲದೆ ಬಣ್ಣ ಚರ್ಮದಿಂದಷ್ಟೇ ಒಳಗೆ ಹೋಗುವುದಲ್ಲ. ಅರೆಯುವಾಗ ಏಳುವ ದೂಳು ಮೂಗಿಗೆ ಹೋಗುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಮೆತ್ತಿದ ಬೆರಳಲ್ಲೇ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗಿಟ್ಟರೆ ಅದೂ ಹೊಟ್ಟೆಗೇ. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟ ಮೇಳದವರಿಗೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಹೆಚ್ಚುಕಡಿಮೆ ದಿನಾ ಇದೇ ಕೆಲಸ. ದೀರ್ಘಕಾಲ ಆರ್ಸೆನಿಕ್ ಒಳಗೆ ಸೇರಿದರೆ ಅಂಗೈ, ಅಂಗಾಲು ಗಡುಸಾಗುತ್ತವೆ, ಮೈಮೇಲೆ ಕಪ್ಪು ಮಚ್ಚೆಗಳೇಳುತ್ತವೆ, ಕೈಕಾಲು ಜೋಮು ಹಿಡಿಯುತ್ತವೆ. ವರ್ಷಗಟ್ಟಲೆ ಕಳೆದು ಬರುವ ಕಾಯಿಲೆಗೆ ಮುಖದ ಬಣ್ಣ ಕಾರಣವಿರಬಹುದೆಂದು ಯಾರಿಗೆ ತೋಚೀತು? ‘ಏನೂ ಆಗಲಿಲ್ಲ’ ಎಂಬುದನ್ನು ನಾನು ಅಷ್ಟಕ್ಕೇ ಒಪ್ಪುವುದಿಲ್ಲ.

‘ಶುದ್ಧಿ ಮಾಡಿದ ಅರದಾಳ’ ಎನ್ನುವವರಿದ್ದಾರೆ. ಬೂದುಗುಂಬಳದ ರಸದಲ್ಲಿ ಬೇಯಿಸುವ ಆಯುರ್ವೇದದ ಶೋಧನೆ ಔಷಧ ತಯಾರಿಗೆ ಸಂಬಂಧಿಸಿದ್ದು. ಅದರಿಂದ ಆರ್ಸೆನಿಕ್ ಮಾಯವಾಗುವುದಿಲ್ಲ.

ಪಾದರಸ ಚರ್ಮದಿಂದಲೂ ಒಳಗಿಳಿದೀತು ಎಂಬುದಕ್ಕೆ ಪಕ್ಕದ ಕೇರಳವೇ ಸಾಕ್ಷಿ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಮೂತ್ರಪಿಂಡದ ಒಂದು ಅಪರೂಪದ ತೊಂದರೆ ಕಂಡ 15 ಮಂದಿಯಲ್ಲಿ 13 ಮಂದಿ ಚರ್ಮ ಬಿಳುಪಾಗಿಸುವ ಕ್ರೀಮ್ ಹಚ್ಚುತ್ತಿದ್ದವರೆಂದು ವೈದ್ಯರು ಪತ್ತೆಹಚ್ಚಿದರು. ಅಂಥ ಕ್ರೀಮಿಗೆ ಬೆರೆಸುವ ಪಾದರಸದ ಲವಣ ಇಂಗಳೀಕಕ್ಕಿಂತ ಸುಲಭವಾಗಿ ಮೈಗಿಳಿಯುವಂಥದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿಡಬಾರದು. ಮಗ ಬಣ್ಣದ ಜೊತೆಗೆ ಅಂಥ ಕ್ರೀಮನ್ನೂ ಹಚ್ಚುತ್ತಿದ್ದರೆ ಮೊದಲು ಅದನ್ನು ಬಿಡಿಸಿ.

ಇನ್ನು ಡಬ್ಬಿ. ಬಿಳಿಗೆ ಈಗ ಬಳಸುವ ಸಫೇದ ಸಾಮಾನ್ಯವಾಗಿ ಸತುವಿನ ಆಕ್ಸೈಡ್, ಚರ್ಮಕ್ಕೆ ತೊಂದರೆಯಿಲ್ಲ. ಆದರೆ ಸೀಸದ ಬಿಳಿಗೂ ಅದೇ ಹೆಸರಿದೆ, ಹಾಗಾಗಿ ಬಿಡಿಯಾಗಿ ತೂಗಿ ಕೊಡುವ ಪುಡಿ ಬೇಡ. ಹಳದಿಗೆ ಐರನ್ ಆಕ್ಸೈಡ್ ಸಾಕಾಗುತ್ತದೆ. ಕೆಂಪಿನಲ್ಲಿ ಮಾತ್ರ ಅದು ಇಟ್ಟಿಗೆಯ ಬಣ್ಣಕ್ಕೆ ಇಳಿದುಬಿಡುತ್ತದೆ. ಇಂಗಳೀಕದ ಆ ಉಜ್ವಲತೆಗೆ ಹಳಬರು ಹಂಬಲಿಸುವುದು ಸುಮ್ಮನೆ ಅಲ್ಲ. ಹೊಳಪು ಬೇಕಿದ್ದರೆ ಪ್ರಸಾಧನಕ್ಕೆ ಅನುಮತಿಸಿದ ಸಂಶ್ಲೇಷಿತ ಕೆಂಪನ್ನೇ ಕೊಳ್ಳಬೇಕು. ಡಬ್ಬಿಯ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ, ಘಟಕಗಳ ಪಟ್ಟಿ ಇರಲೇಬೇಕು.

ಪಟ್ಟಿ ಇದ್ದರೂ ಅದರಲ್ಲಿರುವ ವಸ್ತುಗಳ ಬಗ್ಗೆ ವಿಜ್ಞಾನದ ತೀರ್ಪು ಬದಲಾಗುತ್ತದೆ. ತಲೆಮಾರುಗಳಿಂದ ಎಳೆಗೂಸಿಗೂ ಹಾಕುತ್ತಿದ್ದ ಟಾಲ್ಕ್ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2024ರಲ್ಲಿ ‘ಕ್ಯಾನ್ಸರ್ ತರುವ ಸಂಭವವುಳ್ಳದ್ದು’ ಎಂಬ ಗುಂಪಿಗೆ ಸೇರಿಸಿತು. ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನಷ್ಟೇ ಆ ಗುಂಪು ಹೇಳುತ್ತದೆ, ಹಚ್ಚಿದವರಿಗೆಲ್ಲ ಬರುತ್ತದೆಂದಲ್ಲ. ಆದರೂ ಚೌಕಿಯಲ್ಲಿ ಪೌಡರ್ ದೂಳೆಬ್ಬಿಸಿ ಬಳಿಯುವ ಅಭ್ಯಾಸ ತಪ್ಪಿದರೆ ಒಳ್ಳೆಯದು. ಹಾಗೆಂದು ಪ್ರಕೃತಿಯದ್ದೆಲ್ಲ ನಿರಪಾಯವೂ ಅಲ್ಲ. ಬಣ್ಣದ ವೇಷದ ಮುಖದ ಮೇಲೆ ಉಬ್ಬಿ ನಿಲ್ಲುವಂತೆ ಇಡುವ ಚುಟ್ಟಿಗೆ ಅಕ್ಕಿಹಿಟ್ಟಿನ ಜೊತೆ ಸುಣ್ಣ ಸೇರಿಸುತ್ತಾರಲ್ಲ, ಅದೂ ಪ್ರಕೃತಿಯದ್ದೇ, ಆದರೂ ಚರ್ಮ ಸುಡುತ್ತದೆ.

ಮಗನಿಗೆ ಹೇಳಬೇಕಾದದ್ದು ಇಷ್ಟು: ಹೊಸ ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ನೋಡಲಿ. ತೆಂಗಿನೆಣ್ಣೆ ಸವರಿದ ಮೇಲೆಯೇ ಬಣ್ಣ, ತೆಗೆಯುವುದೂ ತೆಂಗಿನೆಣ್ಣೆಯಲ್ಲೇ, ಸೀಮೆಎಣ್ಣೆಯಲ್ಲಿ ಬೇಡ. ಕೈ ತೊಳೆಯದೆ ಬಾಯಿಗೇನೂ ಹಾಕಬಾರದು. ಮಾವನವರ ಪೆಟ್ಟಿಗೆಯಲ್ಲಿ ಹಳೆಯ ಅರದಾಳದ ಪೊಟ್ಟಣವಿದ್ದರೆ ಒಲೆಗೆ ಹಾಕಬೇಡಿ, ಹೊಗೆಯಲ್ಲಿ ಏಳುವುದು ಪಾಷಾಣವೇ. ತೋಟಕ್ಕೂ ಎಸೆಯಬೇಡಿ. ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಮೇಲೆ ‘ವಿಷ’ ಎಂದು ಬರೆದು, ಪಂಚಾಯಿತಿಯ ಕಸದ ಗಾಡಿಯವರಿಗೆ ತಿಳಿಸಿಯೇ ಕೊಡಿ.